ಸರ್ವರ್ ಪದೇಪದೇ ರೀಬೂಟ್ ಆಗುತ್ತಿದ್ದರೆ ಫೆನ್ಸಿಂಗ್ ಆಫ್ ಮಾಡಬೇಡಿ

ಎರಡು ಸರ್ವರ್‌ಗಳ ಕ್ಲಸ್ಟರ್ (ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಜೋಡಿ) ನೋಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮಳೆಗಾಲದಲ್ಲಿ ನಮ್ಮ ಆಫೀಸಿನ ಒಂದು ಇಡೀ ದಿನದ ಎಂಟ್ರಿ ಹೋಯಿತು. ಜಜ್ಜಿಹೋದ ಎರಡು ಕೇಬಲ್‌ಗಳಿಂದ ಶುರುವಾದದ್ದು, ನಾನು ಫೋನಿನಲ್ಲಿ ‘ಸರಿ, ಮಾಡಿ’ ಅಂದ ಒಂದು ಮಾತಿನಿಂದ ಅಲ್ಲಿಗೆ ಮುಟ್ಟಿತು.

ನಾನಿರುವುದು ಮುಂಬೈಯಲ್ಲಿ. ಸಾಕಿನಾಕಾದ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಸಿಸ್ಟಮ್ ನೋಡಿಕೊಳ್ಳುವ ಕೆಲಸ. ಭಿವಂಡಿಯ ಗೋಡೌನಿನಲ್ಲಿ ಲೋಡ್ ಆಗುವ ಮಾಲಿನ ಬಿಲ್ಟಿಗಳೆಲ್ಲ, ಅಂದರೆ ಸಾಗಣೆ ರಸೀದಿಗಳೆಲ್ಲ, ನಮ್ಮ ಡೇಟಾಬೇಸಿಗೆ ಬರುತ್ತವೆ. ಸರ್ವರ್ ಎರಡು, ಎರಡಕ್ಕೂ ಸೇರಿ ಒಂದೇ ಸ್ಟೋರೇಜ್. ಲಿನಕ್ಸ್ ಮೇಲೆ ಪೇಸ್‌ಮೇಕರ್ ಮತ್ತು ಕೊರೊಸಿಂಕ್. ಸರ್ವರ್‌ಗಳ ನಡುವಿನ ಮಾತುಕತೆ ನೋಡಿಕೊಳ್ಳುವುದು ಕೊರೊಸಿಂಕ್, ಯಾವುದರಲ್ಲಿ ಏನು ನಡೆಯಬೇಕು ಅಂತ ತೀರ್ಮಾನಿಸುವುದು ಪೇಸ್‌ಮೇಕರ್. ಮೊದಲನೆಯದು ಕೆಲಸ ಮಾಡುತ್ತದೆ. ಅದು ಬಿದ್ದರೆ ಎರಡನೆಯದು ಆ ಸ್ಟೋರೇಜಿನ ಡಿಸ್ಕ್ ಮೌಂಟ್ ಮಾಡಿಕೊಂಡು (ತನಗೆ ಜೋಡಿಸಿಕೊಂಡು) ಡೇಟಾಬೇಸ್ ಶುರು ಮಾಡಬೇಕು. ನೀನು ಇದ್ದೀಯಾ ಅಂತ ಒಂದನ್ನೊಂದು ಕೇಳಿಕೊಳ್ಳುವುದಕ್ಕೆ ಎರಡು ದಾರಿ ಇಟ್ಟಿದ್ದೆವು. ಒಂದು ನೇರ ಕೇಬಲ್, ಇನ್ನೊಂದು ಆಫೀಸಿನ ಸ್ವಿಚ್ ಮೂಲಕ.

ಜುಲೈನ ಒಂದು ಸೋಮವಾರ ಸಂಜೆ ಎರಡನೇ ಸರ್ವರ್ ತಾನಾಗಿಯೇ ರೀಬೂಟ್ ಆಯಿತು. ಬುಧವಾರ ಮತ್ತೆ. ಶುಕ್ರವಾರ ಮತ್ತೆ. ಕೆಲಸ ನಡೆಯುತ್ತಿದ್ದದ್ದು ಮೊದಲನೆಯದರಲ್ಲಿ, ಹಾಗಾಗಿ ಆಫೀಸಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಾನು ಎರಡನೆಯದರ ಲಾಗ್ ತೆಗೆದು ನೋಡಿದೆ. ಒಂದು ಸಾಲಿನ ನಂತರ ಏನೂ ಇಲ್ಲ, ಸೀದಾ ಹೊಸ ಬೂಟ್. ಶಟ್‌ಡೌನ್ ಸಂದೇಶವೂ ಇಲ್ಲ. ಯಾರೋ ಪ್ಲಗ್ ಕಿತ್ತ ಹಾಗೆ.

ಎಎಮ್‌ಸಿ ಕಂಪನಿಗೆ (ವಾರ್ಷಿಕ ರಿಪೇರಿ ಗುತ್ತಿಗೆಯವರಿಗೆ) ಹೇಳಿದೆ. ಹಾರ್ಡ್‌ವೇರ್ ದೋಷ ಅಂದರು. ರ್‍ಯಾಮ್ ಬದಲಾಯಿಸಿದರು. ನಿಲ್ಲಲಿಲ್ಲ. ನೆಟ್‌ವರ್ಕ್ ಕಾರ್ಡ್ ಬದಲಾಯಿಸಿದರು. ಅದಕ್ಕೂ ನಿಲ್ಲಲಿಲ್ಲ. ಕೊರೊಸಿಂಕ್‌ನ ಟೋಕನ್ ಟೈಮೌಟ್, ಅಂದರೆ ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿಯನ್ನು 10 ಸೆಕೆಂಡಿಗೆ ಏರಿಸಿದರು. ಅದರಿಂದ ಆದದ್ದು ಇಷ್ಟೇ, ಒಂದೆರಡು ಸೆಕೆಂಡಿನ ಕಡಿತಗಳು ಕ್ಲಸ್ಟರ್ ಲಾಗ್‌ನಲ್ಲಿ ಕಾಣುವುದು ನಿಂತುಹೋಯಿತು. ಕೈಯಲ್ಲಿದ್ದ ಸುಳಿವನ್ನು ನಾವೇ ಅಳಿಸಿ ಹಾಕಿದೆವು.

ಮುಂದಿನ ವಾರ ಅವರ ಎಂಜಿನಿಯರ್ ಫೋನ್ ಮಾಡಿದರು. ‘ಫೆನ್ಸಿಂಗ್ ಸುಮ್ನೆ ಮೆಷಿನ್ ಕೊಲ್ಲುತ್ತಾ ಇದೆ, ಅದನ್ನು ಆಫ್ ಮಾಡಿಬಿಡೋಣ, ಆಮೇಲೆ ನಿಧಾನಕ್ಕೆ ನೋಡೋಣ’ ಅಂದರು. ಸಂಜೆ ಹೊತ್ತು ಮೊಬೈಲ್‌ಗೆ ಅಲರ್ಟ್ ಬಂದು ಬಂದು ನನಗೂ ಸಾಕಾಗಿತ್ತು. ಒಪ್ಪಿಕೊಂಡೆ.

ಫೆನ್ಸಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇನ್ನೊಂದು ಸರ್ವರ್ ಮಾತಾಡುತ್ತಿಲ್ಲ ಅಂದರೆ ಅದು ಸತ್ತಿದೆಯೋ, ನಡುವಿನ ತಂತಿ ಮಾತ್ರ ಕಡಿದಿದೆಯೋ ಗೊತ್ತಾಗುವುದಿಲ್ಲ. ಅದಕ್ಕೇ ಅದರ ಕರೆಂಟ್ ತೆಗೆದು, ಅದು ಡಿಸ್ಕ್ ಮುಟ್ಟುತ್ತಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡೇ ಮುಂದಿನ ಕೆಲಸ. ಪೇಸ್‌ಮೇಕರ್‌ನಲ್ಲಿ ಇದಕ್ಕೆ ಸ್ಟೋನಿತ್ ಅಂತಾರೆ. ‘ಇನ್ನೊಂದು ನೋಡ್‌ನ ತಲೆಗೆ ಗುಂಡು ಹೊಡಿ’ ಅನ್ನುವ ಇಂಗ್ಲಿಷ್ ಮಾತಿನ ಮೊದಲ ಅಕ್ಷರಗಳು ಅವು. ನೋಡ್ ಅಂದರೆ ಕ್ಲಸ್ಟರ್‌ನ ಒಂದು ಸರ್ವರ್. ಕೇಳುವುದಕ್ಕೆ ಕ್ರೂರ. ಆದರೆ ನಿಮ್ಮ ಡೇಟಾ ಉಳಿಸುವುದು ಅದೇ. ಆ ಬೇಲಿಯನ್ನು ನಾವು ಕಿತ್ತು ಹಾಕಿದೆವು.

ಗುರುವಾರ ಸಂಜೆ 6:40. ಎರಡನೇ ಸರ್ವರ್‌ನ ಎರಡೂ ದಾರಿ ಒಟ್ಟಿಗೆ ಕಡಿದವು. ಫೆನ್ಸಿಂಗ್ ಇರಲಿಲ್ಲ, ಹಾಗಾಗಿ ಯಾರೂ ಯಾರನ್ನೂ ನಿಲ್ಲಿಸಲಿಲ್ಲ. ನಮ್ಮದು ಎರಡೇ ನೋಡ್‌ನ ಕ್ಲಸ್ಟರ್, ಕೊರೊಸಿಂಕ್‌ನಲ್ಲಿ ಟೂ ನೋಡ್ ಸೆಟ್ಟಿಂಗ್ ಹಾಕಿತ್ತು. ಅದರಲ್ಲಿ ಒಂಟಿಯಾದ ನೋಡ್‌ಗೂ ಕೋರಮ್, ಅಂದರೆ ಕೆಲಸ ನಡೆಸಲು ಬೇಕಾದಷ್ಟು ಓಟು, ಸಿಗುತ್ತದೆ. ಮೊದಲನೆಯದು ಸತ್ತಿದೆ ಅಂದುಕೊಂಡು ಎರಡನೆಯದು ಡಿಸ್ಕ್ ಮೌಂಟ್ ಮಾಡಿತು, ಜರ್ನಲ್ ರಿಪ್ಲೇ ಮಾಡಿತು (ಅರ್ಧಕ್ಕೆ ನಿಂತ ಬರವಣಿಗೆ ಪೂರ್ತಿ ಮಾಡಿತು), ಪೋಸ್ಟ್‌ಗ್ರೆಸ್ ಡೇಟಾಬೇಸ್ ಎಬ್ಬಿಸಿತು. ಮೊದಲನೆಯದು ಅದೇ ಡಿಸ್ಕ್ ಮೇಲೆ ಬಿಲ್ಟಿ ಬರೆಯುತ್ತಲೇ ಇತ್ತು. ನಮ್ಮದು ಮಾಮೂಲಿ ಫೈಲ್ ಸಿಸ್ಟಮ್, ಒಂದು ಸಲಕ್ಕೆ ಒಂದೇ ಮೆಷಿನ್ ಬರೆಯುತ್ತದೆ ಅಂತ ನಂಬಿಕೊಂಡಿರುವಂಥದ್ದು. ನಾಲ್ಕು ನಿಮಿಷ ಎರಡೂ ಬರೆದವು.

ಲಿಂಕ್ ವಾಪಸ್ ಬಂದಾಗ ಪೇಸ್‌ಮೇಕರ್ ಎರಡೂ ಕಡೆ ನಿಲ್ಲಿಸಿ ಒಂದು ಕಡೆ ಶುರು ಮಾಡಲು ನೋಡಿತು. ಡೇಟಾಬೇಸ್ ಏಳಲಿಲ್ಲ. ‘ಇನ್‌ವ್ಯಾಲಿಡ್ ಪೇಜ್’ ಅನ್ನುವ ಸಾಲು ಸ್ಕ್ರೀನ್ ತುಂಬ, ಅಂದರೆ ಡೇಟಾ ಕೆಟ್ಟಿದೆ. ಆ ಸಾಲು ನೋಡಿದಾಗ ಕೈಕಾಲು ತಣ್ಣಗಾದವು.

ಬೆಳಗಿನ ಜಾವ 2ರ ಬ್ಯಾಕಪ್ ಇತ್ತು. ಅದು ಸರಿಯಾಗಿ ಏರಿತು, ಅಷ್ಟು ಪುಣ್ಯ. ಅಲ್ಲಿಂದ ಸಂಜೆಯವರೆಗಿನದು ಹೋಯಿತು. ಭಿವಂಡಿಯಿಂದ ಬಿಲ್ಟಿಯ ಕಾಗದದ ಕಾಪಿಗಳನ್ನು ಗೋಣಿಚೀಲದಲ್ಲಿ ತರಿಸಿ ಆರು ಜನ ಶನಿವಾರ, ಭಾನುವಾರ ಕೂತು ಮತ್ತೆ ಹೊಡೆದರು. ಕೆಲವು ಕಾಪಿ ಮಳೆಗೆ ನೆನೆದು ಶಾಯಿ ಹರಡಿತ್ತು. ಆ ಲಾರಿಗಳ ಡ್ರೈವರ್‌ಗಳಿಗೆ ಫೋನ್ ಮಾಡಿ ಕೇಳಬೇಕಾಯಿತು.

ಆ ಶುಕ್ರವಾರ ರಾತ್ರಿ ಪುಣೆಯಲ್ಲಿರುವ ಧಾರವಾಡದ ಗೆಳೆಯನಿಗೆ ಫೋನ್ ಮಾಡಿದೆ. ಅವನದೂ ಇದೇ ಕೆಲಸ. ಎಲ್ಲ ಕೇಳಿ ಅವನು ಹೇಳಿದ್ದು: ‘ಸತ್ತಾವನ ಲಾಗ್ ನೋಡಿ ಏನ್ ಮಾಡ್ತಿ? ಉಳದಾವಂದು ನೋಡು. ಆಮ್ಯಾಲ ವೈರ್ ಕೈಯಾಗ ಹಿಡದು ನೋಡು.’

ಮೊದಲನೇ ಸರ್ವರ್‌ನ ಲಾಗ್‌ನಲ್ಲಿ ಎಲ್ಲವೂ ಇತ್ತು. ಲಿಂಕ್ ಹೋಯಿತು, ಜೊತೆಗಾರ ಕಾಣುತ್ತಿಲ್ಲ, ಐಪಿಎಮ್‌ಐ (ಸರ್ವರ್‌ನೊಳಗೇ ಇರುವ, ದೂರದಿಂದ ಅದನ್ನು ಆಫ್-ಆನ್ ಮಾಡುವ ವ್ಯವಸ್ಥೆ) ಮೂಲಕ ಅದನ್ನು ರೀಬೂಟ್ ಮಾಡಿದೆ ಅಂತ ನಿಮಿಷ ಸಮೇತ. ಪ್ರತಿ ಸಲವೂ ಸಂಜೆ ಆರೂವರೆ, ಏಳರ ನಡುವೆ. ಅಂದರೆ ಎರಡನೇ ಸರ್ವರ್ ಕೆಟ್ಟೇ ಇರಲಿಲ್ಲ. ಫೆನ್ಸಿಂಗ್ ಅಷ್ಟೂ ಸಲ ನಮ್ಮನ್ನು ಕಾಪಾಡಿತ್ತು.

ಶನಿವಾರ ಸಂಜೆ ಸರ್ವರ್ ರೂಮಿನಲ್ಲೇ ಕೂತೆ. ಆರೂವರೆಗೆ ಪ್ಯೂನ್ ಕಾಕಾ ಬಂದರು. ಮಳೆಗಾಲದಲ್ಲಿ ನಮ್ಮ ಎಸಿ ನೀರು ಸೋರುತ್ತದೆ. ಅದಕ್ಕೆ ರ್‍ಯಾಕ್ ಹಿಂದೆ ಬಕೆಟ್ ಇಟ್ಟಿದ್ದರು. ಮನೆಗೆ ಹೋಗುವ ಮೊದಲು ಬಕೆಟ್ ತುಂಬಿದ್ದರೆ ರ್‍ಯಾಕ್‌ನ ಹಿಂಬಾಗಿಲು ಪೂರ್ತಿ ತೆರೆದು, ನೀರು ಚೆಲ್ಲಿ, ನೆಲ ಒರೆಸಿ ಬಾಗಿಲು ಹಾಕುತ್ತಿದ್ದರು. ಅವರ ತಪ್ಪು ಏನೂ ಇಲ್ಲ, ಅವರಿಗೆ ಹಾಗೆ ಮಾಡಿ ಅಂತ ನಾವೇ ಹೇಳಿದ್ದು.

ಎರಡನೇ ಸರ್ವರ್‌ನ ಎರಡೂ ಕೇಬಲ್ ಒಂದೇ ಕಟ್ಟಿನಲ್ಲಿ, ಆ ಬಾಗಿಲ ಕೀಲಿನ ಪಕ್ಕದಲ್ಲೇ ಹೋಗಿದ್ದವು. ಕೈಯಲ್ಲಿ ಸವರಿದಾಗ ಒಂದು ಕಡೆ ಚಪ್ಪಟೆಯಾಗಿ, ನೀಲಿ ಸಿಪ್ಪೆ ಬೆಳ್ಳಗೆ ಮಡಿಚಿಕೊಂಡಿತ್ತು. ಲ್ಯಾಪ್‌ಟಾಪ್‌ನಲ್ಲಿ ಎಥ್‌ಟೂಲ್ (ಲಿಂಕ್ ಸ್ಪೀಡ್ ತೋರಿಸುವ ಕಮಾಂಡ್) ಹಾಕಿಕೊಂಡು ಬಾಗಿಲು ಆಡಿಸಿ ನೋಡಿದೆ. ಮುಚ್ಚಿದಾಗ ಸ್ಪೀಡ್ 1000 ಎಮ್‌ಬಿಪಿಎಸ್, ಅಂದರೆ ಗಿಗಾಬಿಟ್. ಅರ್ಧ ತೆರೆದಾಗ 100. ಪೂರ್ತಿ ತೆರೆದಾಗ ಲಿಂಕ್ ಇಲ್ಲ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಹಾಗಾಗಿ ಒಂದು ಜೋಡಿ ಸತ್ತರೂ ಪೋರ್ಟಿನ ದೀಪ ಉರಿಯುತ್ತಲೇ ಇರಬಹುದು. ನಾನು ಎರಡು ವಾರ ಆ ದೀಪ ನೋಡಿಯೇ ಕೇಬಲ್ ಸರಿ ಇದೆ ಅಂದುಕೊಂಡಿದ್ದೆ. ದೀಪ ನಂಬಬೇಡಿ. ಸ್ಪೀಡ್ ನೋಡಿ, ಎರರ್ ಕೌಂಟರ್ ಏರುತ್ತಿದೆಯಾ ನೋಡಿ.

ಎರಡು ದಾರಿ ಇದೆ ಅಂತ ನಾವು ಧೈರ್ಯವಾಗಿದ್ದೆವು. ಎರಡೂ ಒಂದೇ ಕೀಲಿನ ಸಂದಿಯಲ್ಲಿ ಹೋದರೆ ಅದು ಒಂದೇ ದಾರಿ, ಅಲ್ವಾ? ನಿಮ್ಮ ರ್‍ಯಾಕ್‌ನ ಹಿಂದೆ ಹೋಗಿ ಒಮ್ಮೆ ನೋಡಿ. ಒಂದೇ ಸ್ವಿಚ್, ಒಂದೇ ಕಟ್ಟು, ಒಂದೇ ಪವರ್ ಸ್ಟ್ರಿಪ್ ಎಲ್ಲಾದರೂ ಇದೆಯಾ ಅಂತ ಕೈ ಇಟ್ಟು ನೋಡಿ.

ಲ್ಯಾಮಿಂಗ್ಟನ್ ರೋಡಿನಿಂದ ಹೊಸ ಕೇಬಲ್ ತಂದು ಒಂದನ್ನು ರ್‍ಯಾಕ್‌ನ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿದೆ. ಕೇಬಲ್ ಬಗ್ಗಿಸುವಾಗ ಬಾಗಿನ ತ್ರಿಜ್ಯ ಅದರ ದಪ್ಪದ ನಾಲ್ಕು ಪಟ್ಟಾದರೂ ಇರಬೇಕು. ಫೆನ್ಸಿಂಗ್ ಮತ್ತೆ ಆನ್ ಆಯಿತು. ಐಪಿಎಮ್‌ಐ ಒಂದನ್ನೇ ನಂಬಿದರೆ ಇನ್ನೊಂದು ತೊಂದರೆ ಇದೆ. ಸರ್ವರ್‌ನ ಕರೆಂಟೇ ಹೋದರೆ ಅದೂ ಸಾಯುತ್ತದೆ, ಆಗ ಖಾತ್ರಿ ಸಿಗದೆ ಕ್ಲಸ್ಟರ್ ಕಾಯುತ್ತಾ ನಿಲ್ಲುತ್ತದೆ. ಅದಕ್ಕೆ ನೆಟ್‌ವರ್ಕ್‌ನಿಂದ ಆಫ್ ಮಾಡಬಹುದಾದ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪಟ್ಟಿ) ಎರಡನೇ ಹಂತದಲ್ಲಿ ಇಟ್ಟೆವು. ಟೂ ನೋಡ್ ಸೆಟ್ಟಿಂಗ್ ತೆಗೆದು, ಮೂರನೇ ಓಟಿಗೆ ಭಿವಂಡಿಯ ಒಂದು ಚಿಕ್ಕ ಮೆಷಿನ್‌ನಲ್ಲಿ ಕ್ಯೂನೆಟ್‌ಡಿ ಅನ್ನುವ, ಓಟು ಕೊಡುವ ಪ್ರೋಗ್ರಾಂ ಹಾಕಿದ್ದೇವೆ.

ಇದೆಲ್ಲ ಸರಿ ಇದೆಯಾ ಅಂತ ಒಂದು ಭಾನುವಾರ, ಬ್ಯಾಕಪ್ ತೆಗೆದುಕೊಂಡು, ಕೇಬಲ್ ಕೈಯಿಂದಲೇ ಕಿತ್ತು ನೋಡಿ. ನೆಟ್‌ವರ್ಕ್ ಪೋರ್ಟ್ ಆಫ್ ಮಾಡುವ ಇಫ್‌ಡೌನ್ ಕಮಾಂಡ್ ಕೊಟ್ಟು ಪರೀಕ್ಷೆ ಮಾಡಬೇಡಿ, ಕೊರೊಸಿಂಕ್‌ಗೆ ಅದು ನಿಜವಾದ ಕೇಬಲ್ ಕಡಿತದ ಹಾಗೆ ಕಾಣುವುದಿಲ್ಲ.

ಎಸಿಯ ನೀರಿಗೆ ಈಗ ಕಿಟಕಿಯಿಂದ ಹೊರಗೆ ಪೈಪ್ ಹಾಕಿಸಿದ್ದೇವೆ. ಎಎಮ್‌ಸಿಯವರು ಆ ರ್‍ಯಾಮ್‌ಗೂ ನೆಟ್‌ವರ್ಕ್ ಕಾರ್ಡ್‌ಗೂ ಬಿಲ್ ಕಳಿಸಿದ್ದಾರೆ. ಹಳೆಯ ಭಾಗಗಳನ್ನು ವಾಪಸ್ ಕೊಡಿ, ಟೆಸ್ಟ್ ಮಾಡಿ ಆಮೇಲೆ ದುಡ್ಡಿನ ಮಾತು ಅಂತ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.