ಚಿಪ್ ಕೂರಿಸಲು ಯಾವುದು: ಸೋಲ್ಡರ್, ಬೆಳ್ಳಿ ಎಪಾಕ್ಸಿ, ಬೆಳ್ಳಿ ಸಿಂಟರಿಂಗ್?

ಚಿಪ್ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಮೊದಲು ನೋಡಿ. ಬೆಲೆಯ ಮಾತು ಆಮೇಲೆ.

ಸಾಮಾನ್ಯ ಸರ್ಕ್ಯೂಟ್ ಬೋರ್ಡಿಗೆ ಸೋಲ್ಡರ್, ಅಂದರೆ ಕರಗಿಸಿ ಬೆಸೆಯುವ ಲೋಹ, ಸಾಕು. ತವರಕ್ಕೆ ಶೇ 3 ಬೆಳ್ಳಿ, ಶೇ 0.5 ತಾಮ್ರ ಸೇರಿಸಿದ ಸೀಸರಹಿತ ಮಿಶ್ರಲೋಹ ಸುಮಾರು 217 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಅಗ್ಗ, ಬಿಡಿಭಾಗ ಕೆಟ್ಟರೆ ಕರಗಿಸಿ ತೆಗೆದು ಹೊಸದನ್ನು ಕೂರಿಸಬಹುದು. ದುರಸ್ತಿಯ ಈ ಅನುಕೂಲ ನನ್ನ ಲೆಕ್ಕದಲ್ಲಿ ಬಹಳ ದೊಡ್ಡದು.

ಅಷ್ಟು ಬಿಸಿ ತಾಳದ ಪ್ಲಾಸ್ಟಿಕ್ ಹಾಳೆ, ಸೂಕ್ಷ್ಮ ಸೆನ್ಸರ್‌ಗಳಿದ್ದರೆ ಬೆಳ್ಳಿ ಕಣ ಬೆರೆಸಿದ ಎಪಾಕ್ಸಿ ಅಂಟು ತೆಗೆದುಕೊಳ್ಳಿ. ಹಲವು ಬಗೆಗಳು 150 ಡಿಗ್ರಿಯೊಳಗೇ ಗಟ್ಟಿಯಾಗುತ್ತವೆ. ಆದರೆ ಬೆಳ್ಳಿಯ ಹೆಸರಿಗೆ ಮರುಳಾಗಬೇಡಿ. ಕಣಗಳ ನಡುವೆ ರಾಳ ಇರುವುದರಿಂದ ಶಾಖ ಸಾಗಿಸುವುದರಲ್ಲಿ ಸಾಮಾನ್ಯ ಬೆಳ್ಳಿ ಎಪಾಕ್ಸಿ ಸೋಲ್ಡರ್‌ಗಿಂತ ಬಹಳ ಹಿಂದೆ. ತವರ ಲೇಪಿಸಿದ ಕಾಲುಗಳಿಗೆ ಹಚ್ಚಿದರೆ, ತೇವ ತಾಗಿದಂತೆ ಸಂಪರ್ಕದ ರೋಧ ಏರುತ್ತದೆ. ಚಿನ್ನ ಅಥವಾ ಬೆಳ್ಳಿ ಲೇಪನದ ಬಿಡಿಭಾಗಗಳನ್ನೇ ಆರಿಸಿ.

ವಿದ್ಯುತ್ ವಾಹನದ ಇನ್ವರ್ಟರಿನಲ್ಲಿ (ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಭಾಗ) ಬಹಳ ಬಿಸಿಯಾಗುವ ಸಿಲಿಕಾನ್ ಕಾರ್ಬೈಡ್ ಚಿಪ್‌ಗೆ ನಾನು ಸಿಂಟರಿಂಗನ್ನೇ ಹೇಳುತ್ತೇನೆ. ಸುಮಾರು 250 ಡಿಗ್ರಿಯಲ್ಲಿ ಪೇಸ್ಟಿನಲ್ಲಿರುವ ಬೆಳ್ಳಿ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ; ಆ ಪದರ ಮುಂದೆ ಕರಗಬೇಕಾದರೆ 961 ಡಿಗ್ರಿ ಬೇಕು. ದುಬಾರಿ, ಹಲವು ಪೇಸ್ಟ್‌ಗಳಿಗೆ ಒತ್ತಡ ಹಾಕುವ ಯಂತ್ರವೂ ಬೇಕು, ಒಮ್ಮೆ ಕೂರಿಸಿದ್ದನ್ನು ಬಿಡಿಸುವುದು ಕಷ್ಟ.