ಎರಡನೇ ಓದಿಗೆ ಉಳಿಯುವ ತಿರುವು: ನಾಲ್ಕು ಮನೋವೈಜ್ಞಾನಿಕ ಥ್ರಿಲ್ಲರ್‌ಗಳ ಹೋಲಿಕೆ

ಒಂದೇ ಕಾದಂಬರಿಗೆ ಎರಡು ಸಲ ದುಡ್ಡು ತೆತ್ತ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಪೌಲಾ ಹಾಕಿನ್ಸ್ ಅವರ ‘ದ ಗರ್ಲ್ ಆನ್ ದ ಟ್ರೈನ್’ ಕಾದಂಬರಿಯನ್ನು ಮೊದಲು ಆಡಿಯೋ ಪುಸ್ತಕವಾಗಿ ಕೊಂಡೆ. ಅರ್ಧ ದಾಟುವಷ್ಟರಲ್ಲಿ ಯಾವ ಘಟನೆ ಯಾವುದಕ್ಕಿಂತ ಮೊದಲು ನಡೆದದ್ದೆಂಬುದೇ ತಿಳಿಯದಂತಾಗಿ, ಅದನ್ನು ಅಲ್ಲಿಗೇ ನಿಲ್ಲಿಸಿ, ಅಚ್ಚಿನ ಪ್ರತಿಯನ್ನು ಕೊಂಡು ಮೊದಲಿನಿಂದ ಓದಬೇಕಾಯಿತು. ಅದೇ ಸುಮಾರಿಗೆ ಇದೇ ಜಾತಿಯ ಇನ್ನೂ ಮೂರು ಕಾದಂಬರಿಗಳನ್ನು ಓದಿ ಮುಗಿಸಿದ್ದೆ: ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’, ಅಲೆಕ್ಸ್ ಮೈಕೆಲಿಡೀಸ್ ಅವರ ‘ದ ಸೈಲೆಂಟ್ ಪೇಷಂಟ್’ ಮತ್ತು ಇವೆಲ್ಲವುಗಳ ಹಿರಿಯಕ್ಕನಂತಿರುವ, ಡಾಫ್ನೆ ದು ಮೊರಿಯೆ ಅವರ 1938ರ ‘ರೆಬೆಕಾ’. ನಾಲ್ಕರಲ್ಲಿ ನನ್ನ ಒಲವು ‘ಗಾನ್ ಗರ್ಲ್’ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಟ್ಟುಗಳನ್ನು ಬಿಟ್ಟುಕೊಡದಂತೆ ಎಚ್ಚರ ವಹಿಸಿದ್ದೇನೆ. ಆದರೆ ತಿರುವು ಪುಸ್ತಕದ ಯಾವ ಭಾಗದಲ್ಲಿ ಬರುತ್ತದೆ ಎಂಬುದನ್ನೂ ತಿಳಿಯಲು ಇಷ್ಟವಿಲ್ಲದವರು ಓದು ಮುಗಿಸಿ ಬರುವುದು ಮೇಲು.

ನನ್ನ ಅಳತೆಗೋಲು ಏನೆಂಬುದನ್ನು ಹೇಳದೆ ತೀರ್ಪು ಕೊಟ್ಟರೆ ಅನ್ಯಾಯವಾದೀತು. ತಿಂಗಳಿಗೆ ಒಂದು ಪುಸ್ತಕಕ್ಕಿಂತ ಹೆಚ್ಚು ಕೊಳ್ಳುವುದಿಲ್ಲ ಎಂಬುದು ನಾನೇ ಹಾಕಿಕೊಂಡ ಕಟ್ಟುಪಾಡು. ಕೊಂಡದ್ದನ್ನು ವರ್ಷದೊಳಗೆ ಮತ್ತೊಮ್ಮೆ ಓದುವುದು ಅಭ್ಯಾಸ. ರಾತ್ರಿ ಮಲಗುವ ಮುನ್ನ ಅರ್ಧ ಗಂಟೆ ಓದುತ್ತೇನೆ, ಸಂಜೆ ನಡೆಯುವಾಗ ಮುಕ್ಕಾಲು ಗಂಟೆ ಆಡಿಯೋ ಕೇಳುತ್ತೇನೆ. ಹೀಗಾಗಿ ಕೊನೆಯ ಪುಟದಲ್ಲಿ ಒಮ್ಮೆ ಬೆಚ್ಚಿಬೀಳಿಸಿ ಅಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುವ ಕಾದಂಬರಿ ನನಗೆ ದುಬಾರಿಯೇ ಸರಿ. ಗುಟ್ಟು ತಿಳಿದ ಮೇಲೂ ಪುಟಗಳಲ್ಲಿ ಏನು ಉಳಿದಿರುತ್ತದೆ ಎಂಬುದೇ ನಾನು ಕೇಳುವ ಪ್ರಶ್ನೆ. ಒಂದು ಸಲ ಓದಿ ಯಾರಿಗಾದರೂ ದಾಟಿಸಿಬಿಡುವವರು ಈ ಪ್ರಶ್ನೆಯನ್ನು ಕೇಳಬೇಕಾಗಿಯೇ ಇಲ್ಲ. ಅವರಿಗೆ ಕೆಳಗಿನ ಕ್ರಮ ತಲೆಕೆಳಗಾಗಬಹುದು.

ಮೊದಲು ಆ ಎರಡು ಸಲದ ಖರ್ಚಿನ ಕಥೆಯನ್ನು ಹೇಳುತ್ತೇನೆ. ‘ದ ಗರ್ಲ್ ಆನ್ ದ ಟ್ರೈನ್’ 2015ರಲ್ಲಿ ಬಂದ ಕಾದಂಬರಿ. ರೇಚಲ್, ಮೇಗನ್, ಆ್ಯನಾ ಎಂಬ ಮೂವರು ಹೆಂಗಸರು ಸರದಿಯಂತೆ ಉತ್ತಮ ಪುರುಷದಲ್ಲಿ ಕಥೆ ಹೇಳುತ್ತಾರೆ. ರೇಚಲ್ ವಿಪರೀತ ಕುಡಿಯುವವಳು. ದಿನವೂ ರೈಲಿನಲ್ಲಿ ಲಂಡನ್ನಿಗೆ ಹೋಗಿಬರುವಾಗ ಹಳಿಯ ಪಕ್ಕದ ಮನೆಯೊಂದರ ದಂಪತಿಗಳನ್ನು ಕಿಟಕಿಯಿಂದ ನೋಡುತ್ತ, ಅವರಿಗೆ ತಾನೇ ಹೆಸರಿಟ್ಟು, ಅವರ ಬದುಕನ್ನು ಕಲ್ಪಿಸಿಕೊಳ್ಳುತ್ತಾಳೆ. ಒಂದು ಶನಿವಾರ ರಾತ್ರಿ ಆ ಹೆಂಗಸು ಕಾಣೆಯಾಗುತ್ತಾಳೆ, ಮತ್ತು ಅದೇ ರಾತ್ರಿಯ ಕೆಲವು ಗಂಟೆಗಳು ರೇಚಲಳ ನೆನಪಿನಿಂದ ಅಳಿಸಿಹೋಗಿರುತ್ತವೆ. ಇಷ್ಟು ಸಾಕು, ಇದು ನಿಜಕ್ಕೂ ಒಳ್ಳೆಯ ಕಟ್ಟು.

ತೊಡಕಿರುವುದು ಪ್ರತಿ ಭಾಗದ ತಲೆಯ ಮೇಲಿರುವ ತಾರೀಖಿನಲ್ಲಿ. ರೇಚಲಳ ಕಥೆ 2013ರ ಜುಲೈ 5, ಶುಕ್ರವಾರ, ಬೆಳಿಗ್ಗೆ ಎಂದು ಆರಂಭವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೇಗನ್ ಬರುತ್ತಾಳೆ, ಅವಳ ತಾರೀಖು 2012ರ ಮೇ 16. ಅಂದರೆ ಒಬ್ಬಳು ಒಂದು ವರ್ಷಕ್ಕೂ ಹಿಂದಿನಿಂದ ಹೊರಟು, ಇನ್ನೊಬ್ಬಳು ನಿಂತಿರುವ ಜುಲೈ ತಿಂಗಳ ಕಡೆಗೆ ಮೆಲ್ಲಮೆಲ್ಲನೆ ನಡೆದು ಬರುತ್ತಿದ್ದಾಳೆ. ಕಾದಂಬರಿಯ ಅರ್ಧ ಒತ್ತಡ ಇರುವುದೇ ಈ ನಡಿಗೆಯಲ್ಲಿ. ಅಚ್ಚಿನಲ್ಲಿ ತಾರೀಖು ಕಣ್ಣ ಮುಂದೆಯೇ ಇರುತ್ತದೆ. ಅನುಮಾನ ಬಂದರೆ ಹೆಬ್ಬೆರಳನ್ನು ಹಿಂದಿನ ಪುಟದೊಳಗೆ ಸಿಕ್ಕಿಸಿಕೊಂಡು ಎರಡನ್ನೂ ತಾಳೆ ನೋಡಬಹುದು. ಕಿವಿಗೆ ಆ ಅನುಕೂಲವಿಲ್ಲ. ವಾರ, ತಿಂಗಳು, ವರ್ಷ, ಬೆಳಿಗ್ಗೆಯೋ ಸಂಜೆಯೋ ಎಂಬುದನ್ನೆಲ್ಲ ಓದುವವರು ಮೂರು ನಾಲ್ಕು ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾರೆ, ಆ ಹೊತ್ತಿಗೆ ನಾನು ರಸ್ತೆ ದಾಟುತ್ತಿರುತ್ತೇನೆ.

ಆಡಿಯೋ ಆವೃತ್ತಿಯಲ್ಲಿ ಮೂವರಿಗೂ ಮೂರು ಬೇರೆ ದನಿಗಳಿವೆ, ಮೂವರು ಕಲಾವಿದೆಯರೂ ಚೆನ್ನಾಗಿಯೇ ಓದಿದ್ದಾರೆ. ಆದರೆ ದನಿ ‘ಯಾರು’ ಎಂಬುದನ್ನು ತಿಳಿಸುತ್ತದೆ, ‘ಯಾವಾಗ’ ಎಂಬುದನ್ನು ತಿಳಿಸುವುದಿಲ್ಲ. ಮೂವತ್ತು ಸೆಕೆಂಡು ಹಿಂದಕ್ಕೆ ಹೋಗುವ ಗುಂಡಿಯನ್ನು ಒತ್ತಿ ಒತ್ತಿ ಸಾಕಾಯಿತು. ಒಂದು ಸಲ ತಾರೀಖನ್ನು ಹುಡುಕುತ್ತ ಹೋಗಿ ಇನ್ನೊಂದು ಅಧ್ಯಾಯದ ನಡುವೆ ಬಿದ್ದು, ಆಗಲೇ ಕೇಳಿದ್ದನ್ನು ಹೊಸದೆಂದು ಹತ್ತು ನಿಮಿಷ ಕೇಳಿದೆ. ಕೊನೆಗೆ ಒಂದು ಚೀಟಿಯಲ್ಲಿ ಮೂರು ಕಂಬಗಳನ್ನು ಎಳೆದು, ಮೂರು ಹೆಸರುಗಳನ್ನು ಬರೆದು, ಕೇಳಿದ ತಾರೀಖುಗಳನ್ನೆಲ್ಲ ಗುರುತು ಹಾಕಿಕೊಳ್ಳತೊಡಗಿದೆ. ಒಂದು ವಾರ ಹೀಗೆ ನಡೆಯಿತು. ಮನರಂಜನೆಗೆಂದು ಕೊಂಡ ಕಾದಂಬರಿಗೆ ಹಾಜರಿ ಪುಸ್ತಕ ಇಡುವ ಹಾಗಾದಾಗ ತಪ್ಪು ಎಲ್ಲಿದೆ ಎಂದು ಯೋಚಿಸಬೇಕಾಯಿತು.

ಅದೇ ತಿಂಗಳು ‘ಗಾನ್ ಗರ್ಲ್’ ಕಾದಂಬರಿಯನ್ನೂ ಆಡಿಯೋದಲ್ಲಿ ಮರುಓದಿಗೆ ಹಿಡಿದದ್ದರಿಂದ ಉತ್ತರ ಸಿಕ್ಕಿತು. ಅಲ್ಲಿಯೂ ಅಧ್ಯಾಯಗಳ ತಲೆಯ ಮೇಲೆ ಹೆಸರೂ ಕಾಲವೂ ಇವೆ, ಅಲ್ಲಿಯೂ ಎರಡು ಕಾಲಗಳು ಹೆಣೆದುಕೊಂಡು ಸಾಗುತ್ತವೆ. ಆದರೆ ಗಂಡ ನಿಕ್ ಹೇಳುವ ಭಾಗಗಳಿಗೆ ತಾರೀಖಿನ ಗೊಡವೆಯಿಲ್ಲ: ಹೆಂಡತಿ ಕಾಣೆಯಾದ ದಿನ, ಒಂದು ದಿನ ಕಳೆದ ಮೇಲೆ, ಎರಡು ದಿನ ಕಳೆದ ಮೇಲೆ ಎಂದು ಎಣಿಕೆ ಸಾಗುತ್ತದೆ. ಹೆಂಡತಿ ಏಮಿಯ ದಿನಚರಿ ಮಾತ್ರ 2005ರ ಜನವರಿಯಿಂದ ತಾರೀಖು ಹಾಕಿಕೊಂಡು ಬರುತ್ತದೆ. ಒಂದು ಎಣಿಕೆ, ಒಂದು ದಿನಚರಿ. ಎರಡರ ಸ್ವರೂಪವೇ ಬೇರೆಯಾದ್ದರಿಂದ ನಡೆಯುತ್ತ ಕೇಳಿದರೂ ದಾರಿ ತಪ್ಪುವುದಿಲ್ಲ. ಇದು ಲೇಖಕಿಯ ಜಾಣತನವೋ ಆಕಸ್ಮಿಕವೋ, ನನ್ನ ಮಟ್ಟಿಗೆ ಚೀಟಿ ತಪ್ಪಿತು.

‘ಗಾನ್ ಗರ್ಲ್’ ಬಂದದ್ದು 2012ರಲ್ಲಿ. ಐದನೇ ವಿವಾಹ ವಾರ್ಷಿಕೋತ್ಸವದ ದಿನ ಹೆಂಡತಿ ಕಾಣೆಯಾಗುತ್ತಾಳೆ, ಗಂಡನ ಮೇಲೆ ಅನುಮಾನ ಬೀಳುತ್ತದೆ. ಮೊದಲ ಓದಿನಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ತಿರುವಿಗೂ ಬಹಳ ಮೊದಲೇ ಬರುವ ಒಂದು ಸಣ್ಣ ಜಾಗ. ಪೊಲೀಸರ ಜೊತೆ ಮಾತನಾಡುತ್ತಿರುವ ನಿಕ್, ತಾನು ಅವರಿಗೆ ಹೇಳಿದ ಐದನೇ ಸುಳ್ಳು ಇದೆಂದು ಓದುಗನಿಗೆ ತಣ್ಣಗೆ ಲೆಕ್ಕ ಒಪ್ಪಿಸುತ್ತಾನೆ. ಐದನೆಯದೇ? ಹಾಗಾದರೆ ಮೊದಲ ನಾಲ್ಕು ಎಲ್ಲಿ ಹೋದವು? ನಾನು ಆ ರಾತ್ರಿ ಮುಂದಕ್ಕೆ ಓದಲಿಲ್ಲ. ಹಿಂದಕ್ಕೆ ತಿರುಗಿ, ಪೆನ್ಸಿಲ್ ಹಿಡಿದು ನಾಲ್ಕು ಸುಳ್ಳುಗಳನ್ನು ಹುಡುಕಿದೆ, ಎರಡು ಸಿಕ್ಕವು. ಎರಡನೇ ಓದಿನಲ್ಲಿ ಉಳಿದವುಗಳ ಮೇಲೂ ಅನುಮಾನ ಮೂಡಿ ಪುಟದಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಓದುಗನಿಗೆ ಸುಳ್ಳು ಹೇಳುವ ನಿರೂಪಕರು ಬಹಳ ಮಂದಿ ಇದ್ದಾರೆ. ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ನಿಜ ಹೇಳಿ ಓದುಗನನ್ನು ಕೆಲಸಕ್ಕೆ ಹಚ್ಚುವವರು ಅಪರೂಪ.

ಇದರ ಮುಖ್ಯ ತಿರುವು ಪುಸ್ತಕದ ಸುಮಾರು ಅರ್ಧದಲ್ಲೇ ಬಂದುಬಿಡುತ್ತದೆ. ಕೊನೆಯ ಪುಟದವರೆಗೆ ಮುಚ್ಚಿಟ್ಟುಕೊಳ್ಳಬಹುದಾಗಿದ್ದನ್ನು ಲೇಖಕಿ ನಡುವೆಯೇ ಎತ್ತಿ ಮೇಜಿನ ಮೇಲಿಟ್ಟು, ಈಗ ಇದನ್ನು ತಿಳಿದುಕೊಂಡು ಮುಂದಿನದನ್ನು ಓದಿ ಎನ್ನುತ್ತಾರೆ. ಉಳಿದರ್ಧದಲ್ಲಿ ‘ಏನಾಯಿತು’ ಎಂಬ ಕುತೂಹಲದ ಜಾಗಕ್ಕೆ ‘ಇಂಥ ಇಬ್ಬರು ಒಂದೇ ಸೂರಿನಡಿ ಹೇಗೆ ಬದುಕುತ್ತಿದ್ದರು’ ಎಂಬ ದಿಗಿಲು ಬಂದು ಕೂರುತ್ತದೆ. ಏಮಿಯ ತಂದೆತಾಯಿ ಅವಳ ಹೆಸರಿನಲ್ಲೇ ಮಕ್ಕಳ ಪುಸ್ತಕಗಳ ಒಂದು ಸರಣಿಯನ್ನು ಬರೆದವರು. ನಿಜವಾದ ಏಮಿ ಎಡವಿದಲ್ಲೆಲ್ಲ ಪುಸ್ತಕದ ಏಮಿ ಗೆಲ್ಲುತ್ತಾಳೆ. ಮೊದಲ ಓದಿನಲ್ಲಿ ಇದು ತಮಾಷೆಯ ವಿವರವೆನಿಸಿತ್ತು, ಎರಡನೆಯದರಲ್ಲಿ ಮೈ ನಡುಗಿಸಿತು. ಮುಕ್ತಾಯ ಅನೇಕರಿಗೆ ಹಿಡಿಸುವುದಿಲ್ಲ. ನನಗೆ ಹಿಡಿಸಿದೆ.

‘ದ ಸೈಲೆಂಟ್ ಪೇಷಂಟ್’ ಬಗ್ಗೆ ಬರೆಯುವುದು ಕಷ್ಟ, ಏಕೆಂದರೆ ಅದರ ಬಗ್ಗೆ ನನಗಿರುವ ದೂರನ್ನು ಪೂರ್ತಿ ಹೇಳಿದರೆ ಗುಟ್ಟು ರಟ್ಟಾಗುತ್ತದೆ. 2019ರ ಈ ಕಾದಂಬರಿಯಲ್ಲಿ ಆಲಿಸಿಯಾ ಎಂಬ ಚಿತ್ರಕಲಾವಿದೆ ಗಂಡನ ಮುಖಕ್ಕೆ ಐದು ಸಲ ಗುಂಡು ಹಾರಿಸಿ, ಆಮೇಲೆ ಒಂದು ಮಾತನ್ನೂ ಆಡದೆ ಮನೋರೋಗಿಗಳ ಆಸ್ಪತ್ರೆಯಲ್ಲಿ ವರ್ಷಗಳನ್ನು ಕಳೆಯುತ್ತಾಳೆ. ಥಿಯೋ ಎಂಬ ಮನಶ್ಚಿಕಿತ್ಸಕ ಅವಳನ್ನು ಮಾತನಾಡಿಸಲೆಂದೇ ಅಲ್ಲಿ ಕೆಲಸಕ್ಕೆ ಸೇರುತ್ತಾನೆ. ಅವಳು ಬರೆದ ಸ್ವಚಿತ್ರದ ಹೆಸರು ‘ಅಲ್ಸೆಸ್ಟಿಸ್’. ಗಂಡನ ಬದಲಿಗೆ ತಾನು ಸತ್ತು, ಮರಳಿ ಬಂದ ಮೇಲೆ ಮೌನವಾಗಿ ನಿಲ್ಲುವ ಹೆಣ್ಣಿನ ಬಗ್ಗೆ ಯೂರಿಪಿಡೀಸ್ ಬರೆದ ಗ್ರೀಕ್ ನಾಟಕದ ಹೆಸರದು. ಈ ಎಳೆ ಕಾದಂಬರಿಯ ಅತ್ಯಂತ ಒಳ್ಳೆಯ ಭಾಗ, ಆದರೆ ಅದನ್ನು ಎಷ್ಟು ಬೆಳೆಸಬಹುದಿತ್ತೋ ಅಷ್ಟು ಬೆಳೆಸಿಲ್ಲ.

ಕೊನೆಯ ಹೊರಳು ನನ್ನನ್ನು ಪೂರ್ತಿಯಾಗಿ ಬೀಳಿಸಿತು ಎಂದು ಒಪ್ಪಿಕೊಳ್ಳಬೇಕು. ಎರಡೇ ರಾತ್ರಿಯಲ್ಲಿ ಮುಗಿಸಿದೆ, ನಿದ್ದೆ ಕೆಟ್ಟಿತು. ಮರುಓದಿನಲ್ಲಿ ಮಾತ್ರ ಪುಸ್ತಕ ತೆಳುವಾಯಿತು. ಚಿಕಿತ್ಸಕನೊಬ್ಬ ರೋಗಿಯ ಮೈದುನನ ಕಚೇರಿಗೆ, ಬಂಧುಗಳ ಮನೆಗೆ, ಚಿತ್ರಶಾಲೆಗೆ ಪತ್ತೇದಾರನಂತೆ ಅಲೆಯುವುದು ಮೊದಲ ಸಲ ಕಥೆಯ ಓಟದಲ್ಲಿ ಕಣ್ಣಿಗೆ ಬೀಳಲಿಲ್ಲ. ಎರಡನೇ ಸಲ ಇವನನ್ನು ಕೆಲಸದಿಂದ ಇನ್ನೂ ಯಾಕೆ ತೆಗೆದಿಲ್ಲ ಎಂದು ಪ್ರತಿ ಅಧ್ಯಾಯದಲ್ಲೂ ಕೇಳಿಕೊಂಡೆ. ಸುತ್ತಲಿನ ಪಾತ್ರಗಳು ಒಂದೊಂದು ಅನುಮಾನವನ್ನು ಹೊತ್ತು ತಂದು ಇಳಿಸಿ ಹೋಗುವ ಕೂಲಿಗಳಂತೆ ಕಂಡವು.

ಇಲ್ಲಿ ಮೋಸದ ಮಾತು ಬರುತ್ತದೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದರು, ಮತ್ತು ಅದರ ಮೊದಲನೆಯದರಲ್ಲೇ ಯಾರ ಮನಸ್ಸಿನೊಳಗೆ ಓದುಗನನ್ನು ಬಿಟ್ಟುಕೊಂಡಿದ್ದೀರೋ ಅವರು ಅಪರಾಧಿಯಾಗಿರಬಾರದು ಎಂದರು. ಇಂದಿನ ಮನೋವೈಜ್ಞಾನಿಕ ಥ್ರಿಲ್ಲರ್ ಬದುಕಿರುವುದೇ ಈ ಕಟ್ಟಳೆಗೆ ಬೆನ್ನು ತಿರುಗಿಸಿ: ಇಲ್ಲಿ ಮನಸ್ಸಿನೊಳಗೆ ಬಿಟ್ಟುಕೊಂಡವರ ಮೇಲೆಯೇ ಮೊದಲ ಅನುಮಾನ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಇಂಥವರಿಗೆ ‘ನಂಬಲಾಗದ ನಿರೂಪಕ’ ಎಂಬರ್ಥದ ಹೆಸರಿಟ್ಟ ಮೇಲೆ ಆ ಮಾತು ವಿಮರ್ಶೆಯಲ್ಲಿ ನೆಲೆಯೂರಿತು. ನನಗೆ ಇದರಲ್ಲಿ ತಕರಾರಿಲ್ಲ. ಪಾತ್ರ ತನ್ನ ಸ್ವಭಾವಕ್ಕೆ ತಕ್ಕಂತೆ ನನಗೆ ಸುಳ್ಳು ಹೇಳಿದರೆ ಅದು ನ್ಯಾಯ; ಕುಡಿದು ಮರೆತ ರೇಚಲಳದೂ, ಲೆಕ್ಕವಿಟ್ಟು ಸುಳ್ಳು ಹೇಳುವ ನಿಕ್‌ನದೂ ಅಂಥದ್ದು. ಪಾತ್ರದ ಹಂಗಿಲ್ಲದೆ ಲೇಖಕ ತಾನೇ ಪುಟಗಳನ್ನು ಹಾಗೆ ಜೋಡಿಸಿ ನನ್ನನ್ನು ಸಿಕ್ಕಿಸಿದರೆ, ಬಲೆಯ ಹೆಣಿಗೆಯನ್ನು ಒಂದು ಸಲ ಮೆಚ್ಚುತ್ತೇನೆ, ಅಷ್ಟೇ.

‘ರೆಬೆಕಾ’ ಮೇಲಿನ ಮೂರರಷ್ಟು ಚುರುಕಲ್ಲ. ಮಾಂಟೆ ಕಾರ್ಲೋದಲ್ಲಿ ನಡೆಯುವ ಆರಂಭವನ್ನು ದಾಟುವಷ್ಟರಲ್ಲಿ ಮೂರು ರಾತ್ರಿ ಪುಸ್ತಕ ಎದೆಯ ಮೇಲೆ ಬಿದ್ದು ನಿದ್ದೆ ಹೋಗಿದ್ದೇನೆ. ಆದರೆ ಮ್ಯಾಂಡರ್ಲಿ ಎಂಬ ಆ ಮನೆಗೆ ಬಂದ ಮೇಲೆ ನಡೆಯುವ ಒಂದು ಪ್ರಸಂಗಕ್ಕಾಗಿಯೇ ಅದನ್ನು ಎರಡನೇ ಸ್ಥಾನದಲ್ಲಿ ಇಡುತ್ತೇನೆ. ಕಾದಂಬರಿಯುದ್ದಕ್ಕೂ ತನ್ನ ಹೆಸರನ್ನೇ ತಿಳಿಸದ ನಿರೂಪಕಿ, ಅಂದರೆ ಆ ಮನೆಯ ಯಜಮಾನನ ಎಳೆಯ ಎರಡನೇ ಹೆಂಡತಿ, ಬೆಲೆಬಾಳುವ ಪಿಂಗಾಣಿ ಬೊಂಬೆಯೊಂದನ್ನು ಕೈಜಾರಿ ಒಡೆಯುತ್ತಾಳೆ. ಮನೆಯ ಒಡತಿ ಅವಳೇ, ಯಾರೂ ಕೇಳುವಂತಿಲ್ಲ. ಆದರೂ ಚೂರುಗಳನ್ನು ಆರಿಸಿ ಮೇಜಿನ ಡ್ರಾಯರಿನ ಹಿಂಬದಿಗೆ ತಳ್ಳಿ ಮುಚ್ಚಿಡುತ್ತಾಳೆ. ಆಳಿನ ಮೇಲೆ ಕಳ್ಳತನದ ಅನುಮಾನ ಬಂದ ಮೇಲೆ ಬಾಯಿಬಿಡುತ್ತಾಳೆ. ಮುಂದೆ ದೊಡ್ಡ ಗುಟ್ಟೊಂದು ಎದುರಾದಾಗ ಅವಳು ಯಾಕೆ ಹಾಗೆ ನಡೆದುಕೊಂಡಳು ಎಂಬುದಕ್ಕೆ ಉತ್ತರ ಈ ಡ್ರಾಯರಿನಲ್ಲಿದೆ. ಇಲ್ಲಿಯೂ ತಿರುವು ಬಂದ ಮೇಲೆ ಕಥೆಗೆ ಇನ್ನೂ ಬೇಕಾದಷ್ಟು ಪುಟಗಳು ಉಳಿದಿರುತ್ತವೆ.

ಬೆನ್ನುಡಿಗಳ ಬಗ್ಗೆ ಒಂದೇ ಮಾತು: ‘ಊಹಿಸಲಾಗದ ತಿರುವು’ ಎಂದು ಅಚ್ಚು ಹಾಕಿದ ಕ್ಷಣದಿಂದ ಓದುಗ ಊಹಿಸಲು ಕೂರುತ್ತಾನೆ, ಆದ್ದರಿಂದ ನಾನು ಈಗ ಈ ಜಾತಿಯ ಪುಸ್ತಕ ಬಂದೊಡನೆ ಹೊದಿಕೆಗೆ ಕಾಗದ ಸುತ್ತಿಬಿಡುತ್ತೇನೆ. ಫ್ರೀಡಾ ಮ್ಯಾಕ್‌ಫ್ಯಾಡನ್ ಅವರ ‘ದ ಹೌಸ್‌ಮೇಡ್’ ಕಾದಂಬರಿಯನ್ನು ಎರವಲು ತಂದು ಓದಿದೆ; ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿದೆ, ಮರುಓದಿಗೆ ಎತ್ತಿಕೊಳ್ಳಲಿಲ್ಲ.

ತಿಂಗಳಿಗೆ ಒಂದೇ ಪುಸ್ತಕ ಎಂಬ ನನ್ನ ಲೆಕ್ಕದಲ್ಲಿ ದುಡ್ಡು ಕೊಟ್ಟು ಇಟ್ಟುಕೊಳ್ಳಬೇಕಾದದ್ದು ‘ಗಾನ್ ಗರ್ಲ್’, ಅಚ್ಚಿನಲ್ಲಾದರೂ ಸರಿ ಆಡಿಯೋದಲ್ಲಾದರೂ ಸರಿ. ನಿಧಾನವನ್ನು ಸಹಿಸುವವರು ‘ರೆಬೆಕಾ’ವನ್ನೂ ಕೊಳ್ಳಲಿ. ‘ದ ಸೈಲೆಂಟ್ ಪೇಷಂಟ್’ ಗ್ರಂಥಾಲಯದಿಂದ ತರಬಹುದಾದ ಪುಸ್ತಕ; ನನ್ನ ಪ್ರತಿಯನ್ನು ಗೆಳೆಯನೊಬ್ಬ ಒಯ್ದಿದ್ದಾನೆ, ನಾನು ವಾಪಸು ಕೇಳಿಲ್ಲ. ‘ದ ಗರ್ಲ್ ಆನ್ ದ ಟ್ರೈನ್’ ಕಾದಂಬರಿಯನ್ನು ಅಚ್ಚಿನಲ್ಲಿ ಮಾತ್ರ ಓದಿ ಎಂದು ಯಾರಿಗೆ ಬೇಕಾದರೂ ಹೇಳುತ್ತೇನೆ. ಅದರ ಆಡಿಯೋ ಇನ್ನೂ ನನ್ನ ಫೋನಿನಲ್ಲಿ ಅರ್ಧಕ್ಕೇ ನಿಂತಿದೆ. ಮೂರು ಕಂಬದ ಆ ಚೀಟಿ ಅಚ್ಚಿನ ಪ್ರತಿಯೊಳಗೆ ಪುಟದ ಗುರುತಾಗಿದೆ.