ಝಡ್‌ಆರ್ ರೆಸಿನ್: ಎರಡು ವರ್ಷ ಬಳಸಿದ ಮೇಲೆ

ಊರಲ್ಲಿ ಎಂ.ಎಸ್ಸಿ ಕೆಮಿಸ್ಟ್ರಿ ಓದುತ್ತಿರುವ ತಂಗಿ, "ಅಣ್ಣ, ನಿನ್ನ ಕಾಲಂ ಬಗ್ಗೆ ಸರಿಯಾಗಿ ಬರಿ, ನಮ್ಮ ಕ್ಲಾಸಿನವರಿಗೆ ತೋರಿಸ್ತೀನಿ" ಅಂದಳು. ಅದಕ್ಕೇ ಈ ರಿವ್ಯೂ. ಕಾಲಂ ಅಂದರೆ ಝಡ್‌ಆರ್ ರೆಸಿನ್ ಅನ್ನುವ ಪುಡಿ ತುಂಬಿದ ಕೊಳವೆ, ಅದರಲ್ಲಿ ದ್ರಾವಣ ಹರಿಸಿ ಜಿರ್ಕೋನಿಯಂ ಲೋಹವನ್ನು ಬೇರ್ಪಡಿಸುತ್ತೇವೆ.

ನಾನಿರುವುದು ಜರ್ಮನಿಯ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಸೈಕ್ಲೋಟ್ರಾನ್ (ಪ್ರೋಟಾನಿನಂಥ ಕಣಗಳಿಗೆ ವೇಗ ಕೊಡುವ ಯಂತ್ರ) ಪಕ್ಕದ ಲ್ಯಾಬಿನಲ್ಲಿ. ಯಿಟ್ರಿಯಂ ಲೋಹದ ತೆಳು ಹಾಳೆಗೆ ಪ್ರೋಟಾನ್ ಹೊಡೆದರೆ ಅದರಲ್ಲಿ ವಿಕಿರಣ ಸೂಸುವ ಜಿರ್ಕೋನಿಯಂ-89 ಹುಟ್ಟುತ್ತದೆ. ಪ್ರೋಟಾನಿನ ಶಕ್ತಿ ಸುಮಾರು 13 ಎಂಇವಿ ದಾಟಬಾರದು, ದಾಟಿದರೆ 83 ದಿನ ಅರ್ಧಾಯುಷ್ಯದ (ಅಂದರೆ ಅರ್ಧದಷ್ಟು ಕರಗಿಹೋಗಲು ಅಷ್ಟು ಸಮಯ ಬೇಕಾದ) ಜಿರ್ಕೋನಿಯಂ-88 ಕೂಡ ಸೇರಿಕೊಳ್ಳುತ್ತದೆ. ಎರಡೂ ಒಂದೇ ಧಾತು, ಹಾಗಾಗಿ ಅದನ್ನು ಯಾವ ಕೆಮಿಸ್ಟ್ರಿಯೂ ಬಿಡಿಸಲಾರದು. ನಮಗೆ ಬೇಕಾದ 89ರ ಅರ್ಧಾಯುಷ್ಯ 78.4 ಗಂಟೆ. ಇದನ್ನು ಅಂಟಿಸಿದ ಆಂಟಿಬಾಡಿಗಳು (ಗೆಡ್ಡೆಯನ್ನು ಗುರುತು ಹಿಡಿಯುವ ಪ್ರೋಟೀನುಗಳು) ಮೈಯಲ್ಲಿ ನಿಧಾನವಾಗಿ ಓಡಾಡಿ ಗೆಡ್ಡೆ ತಲುಪುವವರೆಗೆ ಪೆಟ್ ಸ್ಕ್ಯಾನಿನಲ್ಲಿ (ಮೈಯೊಳಗಿನ ವಿಕಿರಣವನ್ನು ಚಿತ್ರವಾಗಿಸುವ ಸ್ಕ್ಯಾನ್) ಕಾಣಿಸುತ್ತಿರಲು ಅಷ್ಟು ಸಾಕು.

ಇಲ್ಲಿ ಏನು ಮಾಡ್ತೀಯ ಅಂತ ಅಮ್ಮ ಕೇಳಿದಾಗಲೆಲ್ಲ "ಅಕ್ಕಿಯಲ್ಲಿ ಕಲ್ಲು ಆರಿಸ್ತೀನಮ್ಮ" ಅನ್ನುತ್ತೇನೆ. ಸುಳ್ಳೇನಲ್ಲ. 1 ಗಿಗಾಬೆಕ್ವೆರೆಲ್ (ಸೆಕೆಂಡಿಗೆ ನೂರು ಕೋಟಿ ಪರಮಾಣು ಒಡೆಯುವಷ್ಟು) ಜಿರ್ಕೋನಿಯಂ-89ರ ತೂಕ ಸುಮಾರು 60 ನ್ಯಾನೊಗ್ರಾಂ. ನಮ್ಮ ಯಿಟ್ರಿಯಂ ಹಾಳೆ 200 ಮಿಲಿಗ್ರಾಂ. ಅಂದರೆ 33 ಲಕ್ಷಕ್ಕೆ ಒಂದು. 25 ಕೆಜಿಯ ಎರಡೂವರೆ ಮೂಟೆ ಅಕ್ಕಿಯಲ್ಲಿ ಒಂದೇ ಒಂದು ಕಲ್ಲು!

ಆ ಕಲ್ಲನ್ನು ಹಿಡಿಯುವುದೇ ಫ್ರಾನ್ಸಿನ ಟ್ರಿಸ್ಕೆಮ್ ಕಂಪನಿಯ ಝಡ್‌ಆರ್ ರೆಸಿನ್. ನೋಡಲು ಸುಮ್ನೆ ಸಣ್ಣ ರವೆ ಥರ. ಅದರ ಮೇಲಿರುವ ಹೈಡ್ರಾಕ್ಸಮೇಟ್ ಗುಂಪು ಜಿರ್ಕೋನಿಯಂ ಸಿಕ್ಕರೆ ಬಿಡುವುದಿಲ್ಲ, ಯಿಟ್ರಿಯಂ ಕಡೆ ತಿರುಗಿಯೂ ನೋಡುವುದಿಲ್ಲ. ಹಾಳೆಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ಕಾಲಂಗೆ ಬಿಡುತ್ತೇವೆ. 2 ಮೋಲಾರ್ ಆಮ್ಲದಲ್ಲಿ ತೊಳೆದರೆ ಯಿಟ್ರಿಯಂ ಹೋಯಿತು. ಆಮೇಲೆ ನೀರು. ಕೊನೆಗೆ 1 ಮೋಲಾರ್ ಆಕ್ಸಾಲಿಕ್ ಆಮ್ಲ ಹಾಕಿದಾಗ ಜಿರ್ಕೋನಿಯಂ ಕೆಳಗಿಳಿಯುತ್ತದೆ. ಸೀಸದ ಗೋಡೆಯಾಚೆ ಇಟ್ಟ ಡಿಟೆಕ್ಟರಿನ ಅಂಕಿ ಆ ಹೊತ್ತಿಗೆ ಥಟ್ಟನೆ ಏರುವುದನ್ನು ನೋಡುವ ಖುಷಿ ಇನ್ನೂ ಹಳೆಯದಾಗಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ನೂರಕ್ಕೆ 95ಕ್ಕಿಂತ ಜಾಸ್ತಿ ಕೈಗೆ ಸಿಗುತ್ತದೆ.

ಮೊದಲು ಈ ರೆಸಿನನ್ನು ನಾವೇ ಮಾಡಿಕೊಳ್ಳುತ್ತಿದ್ದೆವು. ಕಾರ್ಬಾಕ್ಸಿಲ್ ರೆಸಿನ್ ತಂದು, ಎಸ್ಟರ್ ಮಾಡಿ, ಹೈಡ್ರಾಕ್ಸಿಲಮೀನ್ ಸೇರಿಸಿ, ಮೆಥನಾಲಿನಲ್ಲಿ ತೊಳೆದೂ ತೊಳೆದೂ ಸಾಕಾಗುತ್ತಿತ್ತು. ಒಂದು ಸಲ ಮಾಡಿದ್ದು ಚೆನ್ನಾಗಿ ಹಿಡಿದರೆ ಇನ್ನೊಂದು ಸಲದ್ದು ಸೋರುತ್ತಿತ್ತು. ಮನೆಯಲ್ಲಿ ಹಪ್ಪಳ ಮಾಡಿದ ಹಾಗೆ, ಒಂದು ವರ್ಷ ಇದ್ದದ್ದು ಇನ್ನೊಂದು ವರ್ಷ ಇಲ್ಲ. ರೆಡಿ ರೆಸಿನ್ ಬಂದ ಮೇಲೆ ಆ ತಲೆನೋವು ಹೋಯಿತು. ನನಗೆ ಮುಖ್ಯವಾದ ಲಾಭ ಇದೊಂದೇ.

ಒಂದು ಸಲ ಮಾತ್ರ ಪೂರ್ತಿ ಕೆಟ್ಟಿತು. ತಪ್ಪು ನನ್ನದೇ. ಯಿಟ್ರಿಯಂ ಆಮ್ಲಕ್ಕೆ ಬಿದ್ದರೆ ಕಾದ ಎಣ್ಣೆಗೆ ಬೋಂಡಾ ಬಿಟ್ಟ ಹಾಗೆ ಭುಸುಗುಟ್ಟುತ್ತದೆ, ಹೈಡ್ರೋಜನ್ ಗುಳ್ಳೆ ಏಳುತ್ತಲೇ ಇರುತ್ತದೆ. ಅವತ್ತು ಮನೆಗೆ ಹೋಗುವ ಅವಸರದಲ್ಲಿ ತಣ್ಣಗಾಗುವ ಮೊದಲೇ ಕಾಲಂಗೆ ಬಿಟ್ಟೆ. ಗುಳ್ಳೆಗಳು ರೆಸಿನ್ ನಡುವೆ ಸೇರಿಕೊಂಡು, ದ್ರಾವಣ ಒಂದೇ ಪಕ್ಕದಿಂದ ಜಾರಿ, ಮಾಲಿನ ಅರ್ಧ ಭಾಗ ತ್ಯಾಜ್ಯದ ಬಾಟಲಿಗೆ ಹೋಯಿತು. ಮರುದಿನದ ಪ್ರಯೋಗಕ್ಕೆ ಕಾದಿದ್ದ ಸಹೋದ್ಯೋಗಿಗೆ ಮುಖ ತೋರಿಸಲು ಆಗಲಿಲ್ಲ. ಈಗ ಒಂದು ಗಂಟೆ ಕಾಯುತ್ತೇನೆ, ಕಾಫಿ ಕುಡಿಯುತ್ತೇನೆ.

ಇನ್ನೊಂದು ವಿಷಯ, ಹಾಳೆಯನ್ನು ಸ್ಟೀಲ್ ಚಿಮುಟದಲ್ಲಿ ಮುಟ್ಟಬೇಡಿ. ಈ ರೆಸಿನ್ ಕಬ್ಬಿಣವನ್ನೂ ಹಿಡಿಯಬಲ್ಲದು. ಮುಂದೆ ಜಿರ್ಕೋನಿಯಂ ಕೂರಬೇಕಾದ, ಅದನ್ನು ಆಂಟಿಬಾಡಿಗೆ ಕಟ್ಟುವ ಡೆಫೆರಾಕ್ಸಮೀನ್‌ಗಂತೂ ಕಬ್ಬಿಣ ಅಂದರೆ ಪ್ರಾಣ. ಥಲಸ್ಸೇಮಿಯಾ ರೋಗಿಗಳ ಮೈಯಿಂದ ಹೆಚ್ಚಾದ ಕಬ್ಬಿಣ ತೆಗೆಯುವ ಔಷಧಿಯೇ ಅದು, ಅಲ್ವಾ? ಪ್ಲಾಸ್ಟಿಕ್ ಚಿಮುಟ ಸಾಕು.

ಅಸಮಾಧಾನ ಅಂದರೆ ಆಕ್ಸಾಲಿಕ್ ಆಮ್ಲ. ಅದು ಮೈಗೆ ವಿಷ. ಹಾಗಾಗಿ ಜಿರ್ಕೋನಿಯಂ ಇಳಿದ ದ್ರಾವಣವನ್ನು ಇನ್ನೊಂದು ಕಾರ್ಟ್ರಿಜ್‌ಗೆ (ಇಂಥದೇ ಪುಟ್ಟ ಕಾಲಂ) ಹಾಕಿ ಕ್ಲೋರೈಡಿಗೆ ಬದಲಿಸುವ ಕೆಲಸ ಉಳಿದೇ ಇರುತ್ತದೆ. ಆದರೆ ಅಷ್ಟು ಬಿಗಿಯಾಗಿ ಹಿಡಿದದ್ದನ್ನು ಬಿಡಿಸಲು ಅಷ್ಟೇ ಗಟ್ಟಿಯಾದದ್ದು ಬೇಕಲ್ಲ, ರೆಸಿನನ್ನು ಬೈದು ಏನು ಪ್ರಯೋಜನ.

ಮುಂದಿನ ತಿಂಗಳು ಸತುವಿನಿಂದ ಗ್ಯಾಲಿಯಂ-68 ಬೇರ್ಪಡಿಸಲು ಇದನ್ನೇ ಬಳಸುವವರಿದ್ದೇವೆ. ಅದರ ಅರ್ಧಾಯುಷ್ಯ 68 ನಿಮಿಷ. ನನ್ನ ಕಾಫಿಗೆ ಕತ್ತರಿ.